ಇಲ್ಲದ ಮೆಟ್ಟಿಲು

ನಾನು ಓದಿದ್ದು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ. ಹೆಣ್ಣುಮಗಳು ನಾಲ್ಕು ಜನರ ನಡುವೆ ಕೆಮ್ಮಬಾರದು ಎಂದು ಅಲ್ಲಿನ ಸಿಸ್ಟರ್ ಕಲಿಸಿದ್ದರು. ಕೆಮ್ಮಲೇಬೇಕಾದರೆ ಮುಖ ತಿರುಗಿಸಿ, ಹ್ಯಾಂಡ್‌ಕರ್ಚೀಫ್ ಹಿಡಿದು, ಒಂದೇ ಸಲ. ಮುದುಕಿಯಾಗುವ ತನಕ ಅದನ್ನು ಪಾಲಿಸಿದೆ. ಆಮೇಲೆ ತಿಂಗಳಿಗೊಂದು ಭಾನುವಾರ ಲಕ್ಷ್ಮೇಶ್ವರದ ಹಳೆಯ ಗುಡಿಗೆ ಹೋಗಿ ಬೇಕೆಂದೇ ಕೆಮ್ಮುವುದು ನನ್ನ ಕೆಲಸವಾಯಿತು.

ಕೆಲಸ ಕೊಟ್ಟವರು ನಮ್ಮ ಸರ್. ಗದಗಿನಲ್ಲಿ ನಾವಿಬ್ಬರೂ ಒಂದೇ ಹೈಸ್ಕೂಲಿನಲ್ಲಿದ್ದೆವು, ಅವರು ಹಿಸ್ಟರಿ ಕಲಿಸುತ್ತಿದ್ದರು, ನಾನು ಇಂಗ್ಲಿಷ್. ರಿಟೈರ್ ಆದ ಮೇಲೂ ಅವರು ಸುಮ್ಮನೆ ಕೂರಲಿಲ್ಲ. ತಿಂಗಳಿಗೊಮ್ಮೆ, ಬಂದವರನ್ನೆಲ್ಲ ಕರೆದುಕೊಂಡು ಆ ಗುಡಿಯ ಇತಿಹಾಸ ಹೇಳುತ್ತಿದ್ದರು. ಹುಲಕೋಟಿಯಿಂದ ಶಾಲೆಯ ಮಕ್ಕಳು ಬರುತ್ತಿದ್ದರು, ಡೋಣಿ ಕಡೆಯ ರೈತರು ಬರುತ್ತಿದ್ದರು, ಊರಿನ ಕಾಳಿನ ವ್ಯಾಪಾರಿಗಳು ಅಂಗಡಿ ಮುಚ್ಚಿಕೊಂಡು ಬರುತ್ತಿದ್ದರು. ಸರ್ ಅವರದು ಒಂದೇ ರೂಲ್: "ನೋಡಿದ್ದು ಹೇಳು. ನೋಡದ್ದು ಹೇಳಬ್ಯಾಡ." ಗುಡಿ ನೋಡದೆ ಗುಡಿಯ ಮೇಲೆ ನಿಬಂಧ ಬರೆದ ಹುಡುಗರನ್ನು ಪೇಪರ್ ಸಮೇತ ಬಸ್ ಹತ್ತಿಸುತ್ತಿದ್ದರು, ನೋಡಿ ಬಂದು ಮತ್ತೆ ಬರಿ ಎಂದು.

ಅಂಥವರಿಗೆ ಗ್ಲಾಕೋಮಾ ಬಂತು. ಹೋದದ್ದು ಬರುವುದಿಲ್ಲ, ಡ್ರಾಪ್ಸ್ ಹಾಕಿದರೆ ಉಳಿದದ್ದು ಉಳಿಯಬಹುದು ಎಂದರು ಡಾಕ್ಟರು. ಉಳಿದದ್ದು ಬಹಳವೇನೂ ಇರಲಿಲ್ಲ. ಬೆಟಗೇರಿಯ ಅವರ ಮನೆಗೆ ನೋಡಲು ಹೋದರೆ ವೈನಿ, ಅಂದರೆ ಸರ್ ಅವರ ಹೆಂಡತಿ, ಚಹಾ ಕೊಡುವ ಮೊದಲೇ ವಿಷಯಕ್ಕೆ ಬಂದರು.

"ಅಕ್ಕೋರ, ಮುಂದಿನ ಐತವಾರನೂ ಗುಡಿಗೆ ಹೊಂಟಾರ ನೋಡ್ರಿ. ನನಗ ಮೊಣಕಾಲಿಲ್ಲ, ಅವರಿಗೆ ಕಣ್ಣಿಲ್ಲ. ನಿಮಗ ಎರಡೂ ಅದಾವ."

"ಜನರಿಗೆ ಕಣ್ಣಿನ ವಿಷಯ ಹೇಳಿಬಿಡ್ರಿ ಸರ್, ಕೈ ಹಿಡಕೊಂಡು ಹೋಗೂಣು," ಎಂದೆ.

"ಹೇಳಿದರ ಏನಾಗತೈತಿ ಗೊತ್ತೈತೇನ್ರಿ?" ಎಂದರು ಸರ್. "ಕುರ್ಚಿ ಹಾಕತಾರ. ಶಾಲು ಹೊದಸತಾರ. ಆಮ್ಯಾಲ ಯಾರೂ ಪ್ರಶ್ನಿ ಕೇಳಂಗಿಲ್ಲ. ಪ್ರಶ್ನಿ ಇಲ್ಲಂದರ ನಾ ಅಲ್ಲಿ ಯಾಕ ಇರಬೇಕು?"

ಹೀಗೆ ಸಿಗ್ನಲ್ ಪದ್ಧತಿ ಶುರುವಾಯಿತು. ನಾನು ಅವರ ಪಕ್ಕದಲ್ಲೇ ನಡೆಯಬೇಕು. ಮೆಟ್ಟಿಲು ಬಂದರೆ ಕೆಮ್ಮು. ಹೊಸ್ತಿಲು ಬಂದರೆ ಗಂಟಲು ಸರಿಮಾಡಿಕೊಳ್ಳುವುದು. ಎದುರಿಗೆ ಕಂಬವೋ ಮನುಷ್ಯರೋ ಬಂದರೆ "ಓ ಮೈ ಗಾಡ್". "ಶಿವಾ" ಅನ್ನುತ್ತೇನೆ ಸರ್, ಶಿವನ ಗುಡಿಗೆ ಅದೇ ಛಲೋ ಎಂದು ಸಜೆಸ್ಟ್ ಮಾಡಿದ್ದೆ. ಅವರು ಒಪ್ಪಲಿಲ್ಲ. "ಶಿವಾ ಅಂತ ಅಲ್ಲಿ ಎಲ್ಲಾರೂ ಅಂತಾರ. ನಾ ಎಷ್ಟ ಮಂದಿಗೆ ನಿಲ್ಲಲಿ?"

ನನ್ನವರು ಹೋದ ಮೇಲೆ ಭಾನುವಾರಗಳು ನನ್ನ ಬಳಿ ಬೇಕಾದಷ್ಟಿದ್ದವು. ಶಿರಹಟ್ಟಿ ಮೇಲಿಂದ ಹೋಗುವ ಬಸ್ಸಿನಲ್ಲಿ ಕೂರುತ್ತಿದ್ದೆವು. ಹೆಂಗಸೆಂದು ನನಗೆ ಟಿಕೆಟ್ ಫ್ರೀ. ಕಣ್ಣಿಲ್ಲದವರ ಪಾಸ್ ಮಾಡಿಸಿದರೆ ಸುದ್ದಿ ಹೊರಗೆ ಬೀಳುತ್ತದೆಂದು ಸರ್ ಫುಲ್ ಟಿಕೆಟ್ ತೆಗೆದುಕೊಳ್ಳುತ್ತಿದ್ದರು. "ಕಣ್ಣು ಕಾಣಾವರಿಗೆ ಪುಕಟ, ಕುರುಡಗ ರೊಕ್ಕ," ಎಂದು ನನಗಷ್ಟೇ ಕೇಳುವಂತೆ ಹೇಳಿ ಕಿಟಕಿಯ ಹೊರಗೆ ನೋಡುತ್ತಿದ್ದರು. ನೋಡುತ್ತಿದ್ದರು ಎಂದು ಅಭ್ಯಾಸಬಲದಿಂದ ಬರೆದೆ.

ಗುಡಿಯಲ್ಲಿ ಯಾರಿಗೂ ಸಂಶಯ ಬರಲಿಲ್ಲ. ಪ್ರತಿ ಕಂಬವೂ ಅವರಿಗೆ ಬೈಹಾರ್ಟ್. ನನ್ನ ಆರೋಗ್ಯದ ಬಗ್ಗೆ ಮಾತ್ರ ಕಾಳಜಿ ಹೆಚ್ಚಾಯಿತು. ಸರ್ ಅವರ ಹಳೆಯ ವಿದ್ಯಾರ್ಥಿಯೊಬ್ಬ ಲಕ್ಷ್ಮೇಶ್ವರದಲ್ಲೇ ಕಾಳಿನ ದಲಾಲಿ ಅಂಗಡಿ ಇಟ್ಟಿದ್ದಾನೆ, ತಪ್ಪದೆ ಬರುವವನು. ಅವನು ಒಂದು ದಿನ ಕೆಮ್ಮಿಗೆಂದು ಜ್ಯೇಷ್ಠಮಧು ಪೊಟ್ಟಣ ಕಟ್ಟಿಕೊಟ್ಟ. "ಅಕ್ಕೋರ, ಗುಡಿಗೆ ಬಂದಾಗ ಅಷ್ಟ ಕೆಮ್ಮತೀರಿ. ಬಾವಲಿ ವಾಸನಿಗೆ ಹಂಗಾಗಿರಬೇಕು, ಹೌದಲ್ಲರಿ?" ಹೌದು ಎಂದೆ. ಜ್ಯೇಷ್ಠಮಧು ಚೆನ್ನಾಗಿತ್ತು.

ಮೋಡ ಕವಿದ ಒಂದು ಭಾನುವಾರ ನನಗೆ ಖರೆ ನೆಗಡಿಯಾಯಿತು. ಬರುವುದಿಲ್ಲ ಎಂದು ಫೋನ್ ಮಾಡಬೇಕಿತ್ತು. ಮಾಡಿದರೆ ಅವರು ಒಬ್ಬರೇ ಹೋಗುತ್ತಾರೆ ಎಂಬ ಹೆದರಿಕೆಯಿಂದ ಮಾತ್ರೆ ನುಂಗಿ ಹೋದೆ. ಗುಡಿಯ ಅಂಗಳ ದಾಟುವವರೆಗೂ ಮಾತ್ರೆ ಕೈ ಹಿಡಿಯಿತು. ಮಂಟಪದೊಳಗೆ, ಗಚ್ಚಿನಂತೆ ಸಪಾಟಾದ ಕಲ್ಲಿನ ಮೇಲೆ, ತಡೆಯಲಾರದ ಕೆಮ್ಮು ಬಂತು.

ಸರ್ ತಕ್ಷಣ ಕಾಲೆತ್ತಿದರು. ಒಳ್ಳೆ ಎತ್ತರಕ್ಕೆ ಎತ್ತಿ, ಇಲ್ಲದ ಮೆಟ್ಟಿಲನ್ನು ದಾಟಿ, ಧಪ್ಪನೆ ಕೆಳಗಿಟ್ಟರು. ಮುಗ್ಗರಿಸಿದರೂ ಬೀಳಲಿಲ್ಲ. ಮಾತೂ ನಿಲ್ಲಿಸಲಿಲ್ಲ. ನಾನು ನಿಟ್ಟುಸಿರು ಬಿಟ್ಟು ಹಿಂದೆ ನೋಡಿದೆ. ಹಿಂದಿನಿಂದ ದಲಾಲಿ ಅಂಗಡಿಯವನು ಬಂದು ಅದೇ ಕಲ್ಲಿನ ಹತ್ತಿರ ಧೋತರ ಎತ್ತಿಕೊಂಡು, ಕಾಲೆತ್ತಿ ದಾಟಿದ. ಅವನ ಹಿಂದೆ ಡೋಣಿಯ ಇಬ್ಬರು ರೈತರು ದಾಟಿದರು. ಅವರ ಹಿಂದೆ ಹುಲಕೋಟಿಯ ಮಕ್ಕಳು, ಸಾಲಾಗಿ, ಕೊಕ್ಕರೆಗಳಂತೆ. ಕೊನೆಯಲ್ಲಿ ಬಂದ ಅಜ್ಜಿ ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ಸರ್," ಎಂದ ದಲಾಲಿ, "ಇಷ್ಟ ವರ್ಷ ಬಂದೇನಿ, ಇದನ್ನ ಹೇಳೇ ಇಲ್ಲ ನೀವು. ಆ ಕಲ್ಲ ಯಾಕ ತುಳಿಬಾರದ್ರಿ? ಅದರ ಇತಿಹಾಸ ಏನ್ರಿ?"

ಸರ್ ನನ್ನ ಕಡೆ ಕಿವಿ ತಿರುಗಿಸಿದರು. "ಕಾಲು ಎತ್ತಿದ್ರೇನು ಎಲ್ಲಾರೂ?"

"ಎತ್ತಿದ್ರು ಸರ್," ಎಂದೆ. ಮೂಗು ಕಟ್ಟಿತ್ತು.

ಒಂದು ಕತೆ ಹೇಳಿಬಿಡಬಹುದಿತ್ತು. ಯಾವನೋ ಮಾಂಡಲಿಕ ಅಲ್ಲಿ ಬಿದ್ದ, ಯಾವಳೋ ದೇವದಾಸಿ ಅಲ್ಲಿ ಕುಣಿದಳು ಎಂದರೆ ಎಲ್ಲರೂ ನಂಬುತ್ತಿದ್ದರು. ಗುಟ್ಟೂ ಉಳಿಯುತ್ತಿತ್ತು, ಭಾನುವಾರಗಳೂ ಉಳಿಯುತ್ತಿದ್ದವು. ಹೇಳಲಿ ದೇವರೇ ಎಂದು ನಾನು ಒಳಗೊಳಗೇ ಪ್ರೇ ಮಾಡಿದೆ.

"ಇತಿಹಾಸ ಏನೂ ಇಲ್ಲ," ಎಂದರು ಸರ್. "ಅಕ್ಕೋರಿಗೆ ನೆಗಡಿ ಆಗೇತಿ. ನನಗ ಕಣ್ಣು ಕಾಣಂಗಿಲ್ಲ."

ಮೇಲೆ ಬಾವಲಿಗಳು ಚೀಂಗುಟ್ಟಿದವು. ಆಮೇಲೆ ದಲಾಲಿಯ ದನಿ: "ಯಾರರೇ ಜಲ್ದಿ ಒಂದು ಕುರ್ಚಿ ತರ್ರಿ!"

"ಲೇ, ಕುರ್ಚಿ ತಂದರ ನೀನ ಕುಂಡ್ರು. ಇಲ್ಲಿ ಬಾ. ಈ ಕಂಬದಾಗ ಏನೈತಿ, ನೋಡಿ ಹೇಳು."

"ನೀವ ಹೇಳ್ರಲ್ಲ ಸರ್, ಪ್ರತಿ ಸಲ ಹೇಳತೀರಿ."

"ನಾ ನೋಡಿಲ್ಲ ಇವತ್ತ. ನೀ ನೋಡು."

"ಒಬ್ಬಾಂವ ಕುಂತಾನ್ರಿ."

"ಹೆಂಗ ಕುಂತಾನ?"

"ಆರಾಮ ಕುಂತಾನ್ರಿ."

"ನಿನ್ನ ಅಂಗಡಿ ಗಾದಿ ಮ್ಯಾಲ ಕುಂತಂಗ ಏನು? ಕಾಲು ಎಲ್ಲಿ ಅದಾವು? ಕೈಯಾಗ ಏನೈತಿ?"

ದಲಾಲಿ ಕಂಬಕ್ಕೆ ಮೂಗು ಹಚ್ಚಿ ನೋಡತೊಡಗಿದ. ಮಕ್ಕಳು ಮದ್ದಳೆ, ಅಲ್ಲ ಕೊಡ, ಅಲ್ಲ ಮದ್ದಳೆ ಎಂದು ಜಗಳಕ್ಕೆ ನಿಂತರು. ಸರ್ ಪ್ರತಿಯೊಬ್ಬರಿಗೂ ಅಡ್ಡಪ್ರಶ್ನೆ ಹಾಕಿ ಬೆವರಿಳಿಸಿದರು. ಅಷ್ಟು ಖುಷಿಯಲ್ಲಿ ಅವರನ್ನು ನೋಡಿ ಬಹಳ ದಿನವಾಗಿತ್ತು. ಕೊನೆಗೆ, "ಅಕ್ಕೋರ, ಪಕ್ಕದ ಕಂಬದಾಗ ಏನೈತ್ರಿ?" ಎಂದರು.

ತಿಂಗಳುಗಟ್ಟಲೆ ಆ ಕಂಬದ ಪಕ್ಕ ನಿಂತು "ಓ ಮೈ ಗಾಡ್" ಎಂದವಳು ನಾನು. ಅಲ್ಲಿಯವರೆಗೆ ನೋಡಿದ್ದು ಅವರ ಚಪ್ಪಲಿ ಬಿಟ್ಟ ಪಾದಗಳನ್ನು ಮಾತ್ರ. ತಲೆಯೆತ್ತಿದೆ. ಹೂಬಳ್ಳಿ ಇರಬೇಕು ಸರ್, ಎಂದೆ.

"ಇರಬೇಕು ಅಂದರ? ಮುಂದಿನ ಸಲ ನೋಡಿ ಹೇಳ್ರಿ."

ಬೆಟಗೇರಿಯಲ್ಲಿ ವೈನಿ ಬಾಗಿಲಲ್ಲೇ ಕೇಳಿದರು: "ಬಿದ್ದರೇನು?"

"ಇಲ್ಲ ವೈನಿ. ಸರ್ ಪರೀಕ್ಷಾದಾಗ ನಾ ಫೇಲ್ ಆದೆ."

"ನಾ ಮದುವಿ ಆದ ವರ್ಷನ ಫೇಲ್ ಆಗೇನಿ. ಕಷಾಯ ಕುಡೀರಿ."

ಈಗ ಸರ್ ಅವರ ಮೊಳಕೈ ಹಿಡಿದೇ ನಡೆಯುತ್ತೇನೆ, ಎಲ್ಲರ ಎದುರಿಗೆ. ಕುರ್ಚಿ ಬಂದಿದೆ, ದಲಾಲಿ ಅದರ ಮೇಲೆ ತನ್ನ ಚೀಲ ಇಡುತ್ತಾನೆ. ಪ್ರಶ್ನೆಗಳು ನಿಂತಿಲ್ಲ. ಹೋದ ಸಲ ಮಂಟಪದಲ್ಲಿ ಸರ್ ಎಂದಿನಂತೆ, "ಏನು ಕಾಣತೈತ್ರಿ ಅಕ್ಕೋರ?" ಎಂದರು. ಕಂಡದ್ದನ್ನು ಹೇಳಬೇಕು, ಅದು ರೂಲ್.

"ಇಬ್ಬರು ಹೆಣ್ಣುಮಕ್ಕಳು ಸರ್. ಪೂಜಾಕ ಬಂದಾರ. ನಮ್ಮ ಗುಂಪಿನವರಲ್ಲ." ಸ್ವಲ್ಪ ತಡೆದೆ. "ಆ ಕಲ್ಲ ಹತ್ರ ಕಾಲು ಎತ್ತಿ ದಾಟ್ಯಾರ."

ಸರ್ ನನ್ನ ಕೈ ಬಿಡಿಸಿಕೊಂಡು, ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, ಆ ಹೆಣ್ಣುಮಕ್ಕಳ ಬಳೆಯ ಸದ್ದು ಬಂದ ಕಡೆಗೆ ತಿರುಗಿದರು.

"ತಂಗೀ, ಒಂದೀಟ ನಿಂದ್ರವಾ," ಎಂದರು. "ನನಗ ಕಣ್ಣು ಕಾಣಂಗಿಲ್ಲ. ಆ ಕಲ್ಲಿನ ಕತಿ ಅಲ್ಲಿಂದ ಶುರು ಮಾಡತೇನಿ."