ಅಕ್ಕನ ಪೌಡರು, ನನ್ನ ಲಿಕ್ವಿಡ್ಡು

ಬಟ್ಟೆ ಒಗೆಯುವ ವಿಷಯದಲ್ಲಿ ನಾನೂ ನನ್ನ ಅಕ್ಕನೂ ಯಾವತ್ತೂ ಒಮ್ಮತಕ್ಕೆ ಬಂದವರಲ್ಲ. ಅವಳು ಪೌಡರಿನವಳು, ನಾನು ಲಿಕ್ವಿಡ್ಡಿನವಳು. ಅವಳು ಗಂಡ, ಮಗಳ ಜೊತೆ ಗೌರಿಬಿದನೂರಿನಲ್ಲಿದ್ದಳು. ನಾನು ಚಿಕ್ಕಬಳ್ಳಾಪುರದಲ್ಲಿ ಒಂದು ಸರ್ಕಾರಿ ಕಚೇರಿಯ ಕೆಲಸ ನೋಡಿಕೊಂಡು ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೆ. ಭಾನುವಾರ ಬೆಳಿಗ್ಗೆ ಇಬ್ಬರೂ ಬಟ್ಟೆಗೆ ಕೈ ಹಾಕುವ ಹೊತ್ತಿಗೆ ಸರಿಯಾಗಿ ಫೋನು ಬರುತ್ತಿತ್ತು. ಅವಳು ಫೋನನ್ನು ಬಚ್ಚಲಿನ ಕಟ್ಟೆಯ ಮೇಲೆ ಸ್ಪೀಕರ್‌ಗೆ ಹಾಕಿ, ಬಕೆಟ್ಟಿನಲ್ಲಿ ಕೈಯಾಡಿಸಿ ನೊರೆ ಎಬ್ಬಿಸುತ್ತಲೇ ಮಾತಾಡುತ್ತಿದ್ದಳು.

ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಅದರಲ್ಲಿ ಪೌಡರು ಸರಿಯಾಗಿ ಕರಗುವುದಿಲ್ಲ, ಕಪ್ಪು ಬಟ್ಟೆಯ ಮೇಲೆ ಬಿಳಿ ಗೆರೆ ಬಿಡುತ್ತದೆ, ಮಳೆಗಾಲದಲ್ಲಿ ಡಬ್ಬದೊಳಗೇ ಗಟ್ಟಿಯಾಗುತ್ತದೆ, ಕೈಯ ಚರ್ಮ ಸುಲಿಯುತ್ತದೆ ಎಂಬುದು ನನ್ನ ವಾದ. ಲಿಕ್ವಿಡ್ ಎಂದರೆ ಸೆಂಟು ಹಾಕಿದ ನೀರು, ಕಾಸೆಲ್ಲ ಬಾಟಲಿಗೆ ಹೋಗುತ್ತದೆ, ಕಾಲರಿನ ಕೊಳೆಯನ್ನು ಅದು ಮುಟ್ಟುವುದೂ ಇಲ್ಲ ಎಂಬುದು ಅವಳದು. "ಮುಚ್ಚಳದಲ್ಲಿ ಅಳೆದು ಅಳೆದು ಹಾಕೋಕೆ ಅದೇನು ಕೆಮ್ಮಿನ ಔಷಧೀನಾ?" ಎಂದು ಒಮ್ಮೆ ಕೇಳಿದ್ದಳು. ನನಗೆ ಸಿಟ್ಟು ಬಂದು ಫೋನಿಟ್ಟಿದ್ದೆ. ಹತ್ತು ನಿಮಿಷಕ್ಕೆ ಮತ್ತೆ ಅವಳೇ ಮಾಡಿದಳು.

ಕಾಲರಿನ ವಿಷಯದಲ್ಲಿ ಅವಳು ಹೇಳುತ್ತಿದ್ದದ್ದು ಸರಿ. ಬಿಸಿನೀರಿನಲ್ಲಿ ನೆನೆಹಾಕಿ ಉಜ್ಜಿದರೆ ಪೌಡರಿನಷ್ಟು ಲಿಕ್ವಿಡ್ಡು ಕೊಳೆ ಬಿಡಿಸುವುದಿಲ್ಲ. ಮೆಷಿನ್ನಿಗೆ, ಬಣ್ಣದ ಬಟ್ಟೆಗೆ ಲಿಕ್ವಿಡ್ಡೇ ಸೈ. ಇಷ್ಟು ಹೇಳಲು ಎಷ್ಟು ಹೊತ್ತು ಬೇಕಿತ್ತು? ಆದರೆ ಹೇಳಿಬಿಟ್ಟರೆ ಭಾನುವಾರಕ್ಕೆ ಮಾತೇ ಇರುತ್ತಿರಲಿಲ್ಲ.

ಹೋದ ವರ್ಷ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಡೆಂಗ್ಯೂ ಎಂದರು, ಪ್ಲೇಟ್‌ಲೆಟ್ ಇಳಿಯುತ್ತಿದೆ ಎಂದರು, ಬೆಂಗಳೂರಿಗೆ ಕರೆದುಕೊಂಡು ಹೋದರು. ಅಲ್ಲಿಂದ ಅವಳು ನಡೆದುಕೊಂಡು ಬರಲಿಲ್ಲ.

ನಮ್ಮಲ್ಲಿ ತಿಥಿಗೆ ಮುಂಚೆ ಸೂತಕ ಕಳೆಯಲು ಮನೆಯಲ್ಲಿರುವ ಬಟ್ಟೆಯನ್ನೆಲ್ಲ ಒಗೆಯಬೇಕು. ಉಟ್ಟದ್ದು, ಹೊದ್ದದ್ದು, ಹಾಸಿದ್ದು, ಪರದೆ, ದಿಂಬಿನ ಕವರು, ಕಾಲೊರೆಸುವ ಬಟ್ಟೆ, ಒಂದನ್ನೂ ಬಿಡುವ ಹಾಗಿಲ್ಲ. ಅಕ್ಕ ಉಡುತ್ತಿದ್ದ ಸೀರೆಗಳನ್ನು ಅಗಸರಿಗೆ ಕೊಟ್ಟಾಗಿತ್ತು. ಉಳಿದದ್ದನ್ನೆಲ್ಲ ದೊಡ್ಡಮ್ಮ ಮುಂದೆ ನಿಂತು ಅಂಗಳಕ್ಕೆ ಹಾಕಿಸಿದರು. ಅಕ್ಕ ಪೌಡರನ್ನು ಪ್ಯಾಕೆಟ್ಟಿನಿಂದ ಸುರಿದಿಡುತ್ತಿದ್ದ ತಗಡಿನ ಡಬ್ಬ ಮಳೆಯ ತೇವಕ್ಕೆ ಅಂಟಂಟಾಗಿತ್ತು. ದೊಡ್ಡಮ್ಮ ಅದರಲ್ಲಿದ್ದ ಪೌಡರನ್ನು ಬಚ್ಚಲಿಗೆ ಸುರಿದು ಡಬ್ಬ ತೊಳೆದುಬಿಟ್ಟರು. ಅಷ್ಟು ಬಟ್ಟೆಗೆ ಬೇಕಲ್ಲ ಎಂದು ಯಾರೋ ಸೂಪರ್ ಮಾರ್ಕೆಟ್ಟಿನಿಂದ ಲಿಕ್ವಿಡ್ಡಿನ ದೊಡ್ಡ ಕ್ಯಾನು ತಂದರು, ಆಫರಿನಲ್ಲಿತ್ತಂತೆ. ಅಕ್ಕನ ಮನೆಗೆ ಲಿಕ್ವಿಡ್ಡು ಬಂದದ್ದು ಅದೇ ಮೊದಲು. ಹೆಂಗಸರೆಲ್ಲ ಸೇರಿ ಒಗೆದೆವು. ಸಂಜೆಗೆ ಮನೆಯ ತುಂಬ ನನ್ನ ಮನೆಯ ವಾಸನೆ.

ಅಕ್ಕನ ಮಗಳಿಗೆ ಎಂಟು ವರ್ಷ. ಆ ಸಂಜೆ ಅವಳು ಮಂಚದಿಂದ ಮಂಚಕ್ಕೆ ಹೋಗಿ ದಿಂಬುಗಳನ್ನು ಒಂದೊಂದಾಗಿ ಎತ್ತಿ ಮುಖಕ್ಕೆ ಒತ್ತಿಕೊಂಡು ಕೆಳಗಿಡುತ್ತಿದ್ದಳು. ಮಗುವಿಗೆ ನಿದ್ದೆ ಬಂದಿರಬೇಕು ಎಂದು ಯಾರೋ ಅಂದರು. ಕೊನೆಗೆ ಅವಳು ಪರದೆಯನ್ನೂ ಹಿಡಿದು ನೋಡಿದಳು. ಆಮೇಲೆ ಗೋಡೆಗೆ ಒರಗಿ ಕೂತುಬಿಟ್ಟಳು.

ಭಾವನದು ಬೆಳಗಿನ ಜಾವಕ್ಕೇ ಮನೆ ಬಿಡುವ ಕೆಲಸ. ಮಗು ನನ್ನ ಹತ್ತಿರವೇ ಇರಲಿ ಎಂದು ಹಿರಿಯರು ತೀರ್ಮಾನಿಸಿದರು. ಅವಳನ್ನು ಚಿಕ್ಕಬಳ್ಳಾಪುರದ ಶಾಲೆಗೆ ಸೇರಿಸಿದೆ. ಬರುವಾಗ ಅವಳ ಸ್ಕೂಲ್ ಬ್ಯಾಗಿನ ತಳದಲ್ಲಿ ಅವಳದೇ ಒಂದು ಸ್ವೆಟರ್ ಇತ್ತು. ಜ್ವರ ಬರುವ ಮುಂಚೆ ಅಕ್ಕ ಒಗೆದು ಮಡಿಸಿಟ್ಟದ್ದು. ಬ್ಯಾಗಿನೊಳಗಿದ್ದದ್ದರಿಂದ ಅದೊಂದು ನಮ್ಮ ಕೈಗೆ ಸಿಗದೆ ಉಳಿದಿತ್ತು. ಮಗು ಅದನ್ನು ಹಾಕಿಕೊಳ್ಳುತ್ತಿರಲಿಲ್ಲ, ಮಲಗುವಾಗ ಕೆನ್ನೆಯ ಕೆಳಗಿಟ್ಟುಕೊಳ್ಳುತ್ತಿದ್ದಳು. ಬೆಳಿಗ್ಗೆ ಎದ್ದು ಮೂಸಿ, ನನ್ನ ಮೂಗಿಗೂ ಹಿಡಿಯುತ್ತಿದ್ದಳು.

"ಚಿಕ್ಕಮ್ಮ, ಇನ್ನೂ ಐತಾ?"

ಇದೆ ಎನ್ನುತ್ತಿದ್ದೆ. ಮೊದಮೊದಲು ಆ ವಾಸನೆ ನಿಜವಾಗಿಯೂ ಇತ್ತು. ನಿಂಬೆಹಣ್ಣಿನ ಹಾಗೆ ಒಂದಿಷ್ಟು, ಅದರ ಹಿಂದೆ ಒಣ ಸುಣ್ಣದಂಥ ಇನ್ನೇನೋ. ಆ ಸ್ವೆಟರ್ ಹತ್ತಿರ ಬಂದಾಗಲೆಲ್ಲ ಅಕ್ಕ ಬೆನ್ನ ಹಿಂದೆ ನಿಂತಿದ್ದಾಳೆ ಅನ್ನಿಸಿ ನನಗೆ ಕತ್ತು ತಿರುಗಿಸಲು ಭಯವಾಗುತ್ತಿತ್ತು. ದಿನ ಕಳೆದ ಹಾಗೆ ಅದರಲ್ಲಿ ಟಿಫನ್ ಬಾಕ್ಸಿನ ವಾಸನೆ, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆಯ ವಾಸನೆ ಸೇರಿಕೊಂಡಿತು. ನಾನು ಇದೆ ಎನ್ನುವುದನ್ನು ಬಿಡಲಿಲ್ಲ. ಒಂದು ಬೆಳಿಗ್ಗೆ ಅವಳು ನನ್ನ ಮುಖವನ್ನೇ ನೋಡಿ, ಇಲ್ಲ ಬಿಡು ಚಿಕ್ಕಮ್ಮ, ನೀನು ಸುಳ್ಳು ಹೇಳ್ತೀಯ ಅಂದಳು. ಸ್ವೆಟರನ್ನು ಬೀರುವಿನಲ್ಲಿಟ್ಟಳು.

ಅವತ್ತಿನಿಂದ ಮಗು ಮಾತು ಕಡಿಮೆ ಮಾಡಿತು. ಊಟಕ್ಕೆ ಕೂತರೆ ಅನ್ನ ಕಲಸುತ್ತಲೇ ಇರುತ್ತಿತ್ತು. ಅಳಲೂ ಇಲ್ಲ. ನನಗೆ ಇಂಥದ್ದು ಗೊತ್ತಿಲ್ಲ, ನಾನು ಮಕ್ಕಳನ್ನು ಸಾಕಿದವಳಲ್ಲ. ಈ ಮಗು ನನ್ನ ಕೈಯಿಂದ ಜಾರಿಹೋಗುತ್ತಿದೆ ಎಂದು ದಿಗಿಲಾಯಿತು. ನನ್ನ ತಲೆಗೆ ಹೊಳೆದ ದಾರಿ ಒಂದೇ: ಆ ಪೌಡರನ್ನು ಹುಡುಕಿ ತರುವುದು.

ಅಷ್ಟು ವರ್ಷ ಪೌಡರಿನ ಮೇಲೆ ಜಗಳವಾಡಿದ ನನಗೆ ಅದು ಯಾವ ಪೌಡರು ಎಂದೇ ಗೊತ್ತಿರಲಿಲ್ಲ. ನಾನು ನೋಡಿದ್ದು ಆ ತಗಡಿನ ಡಬ್ಬವನ್ನು ಮಾತ್ರ. ಚಿಕ್ಕಬಳ್ಳಾಪುರದ ಸೂಪರ್ ಮಾರ್ಕೆಟ್ಟಿಗೆ ಹೋದೆ. ಕಣ್ಣಳತೆಯ ಸಾಲುಗಳೆಲ್ಲ ಲಿಕ್ವಿಡ್ಡಿನವು: ಬಾಟಲಿ, ಕ್ಯಾನು, ರೀಫಿಲ್ ಪೌಚು. ಪೌಡರುಗಳನ್ನು ಕೆಳಗಿನ ಸಾಲಿಗೆ ತಳ್ಳಿದ್ದರು. ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು ಒಂದೊಂದು ಪ್ಯಾಕೆಟ್ಟನ್ನೂ ಅಮುಕಿ ಮೂಲೆಗೆ ಮೂಗು ಹಚ್ಚಿದೆ. ಅಲ್ಲಿ ಕೆಲಸಕ್ಕಿದ್ದ ಹುಡುಗಿ ಬಂದು, ಎಕ್ಸ್‌ಪೈರಿ ನೋಡ್ತಿದೀರಾ ಮೇಡಂ ಎಂದು ಕೇಳಿದಳು. ಹೌದು ಎಂದೆ. ನನ್ನ ಕಿವಿಯಲ್ಲಿ ಅಕ್ಕ ನಗುತ್ತಿದ್ದಳು. ಕೊನೆಗೂ ಕೆಳಗಿನ ಸಾಲಿಗೆ ಬಂದೆಯಲ್ಲ ಎಂದಳು. ಸುಮ್ಮನಿರು ಎಂದು ನಾನು ಬಾಯಿಬಿಟ್ಟೇ ಹೇಳಿಬಿಟ್ಟೆ. ಆ ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದಳು.

ಮುಂದಿನ ಭಾನುವಾರ ಭಾವ ಮಗುವನ್ನು ನೋಡಲು ಬಂದಾಗ ಕೇಳಿದೆ. ಗಂಡಸರಿಗೆ ಒಗೆದ ಶರಟು ಗೊತ್ತೇ ಹೊರತು ಅದನ್ನು ಒಗೆದ ಪೌಡರು ಗೊತ್ತಿರುವುದಿಲ್ಲ. ತುಂಬ ಹೊತ್ತು ಯೋಚಿಸಿ, ಹಸಿರು ಪ್ಯಾಕೆಟ್ಟು ಅನ್ಸುತ್ತೆ ಕಣಮ್ಮ, ಸ್ಟೇಷನ್ ಹತ್ರದ ಅಂಗಡಿಯಿಂದ ತರ್ತಿದ್ಲು ಅಂದರು.

ರಜೆ ಸಿಕ್ಕಾಗ ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಗೌರಿಬಿದನೂರಿನ ಬಸ್ಸು ಹತ್ತಿದೆ. ಸ್ಟೇಷನ್ ಬಳಿಯ ಅಂಗಡಿಯವರಿಗೆ ಅಕ್ಕನ ನೆನಪಿತ್ತು. ಹಸಿರು ಪ್ಯಾಕೆಟ್ಟಿನ ನೆನಪೂ ಇತ್ತು. ಆ ಕಂಪನಿಯ ಮಾಲು ಬರುವುದೇ ನಿಂತಿದೆ, ಈಗ ಎಲ್ಲರೂ ಲಿಕ್ವಿಡ್ ಸ್ಯಾಷೆ ಕೇಳುತ್ತಾರೆ ಎಂದು ಅವರು ಬಾಗಿಲಿಗೆ ಮಾಲೆಗಳ ಹಾಗೆ ಇಳಿಬಿಟ್ಟಿದ್ದ ಸ್ಯಾಷೆಗಳ ಕಡೆ ಕೈ ತೋರಿಸಿದರು. ಚಿಂತಾಮಣಿಯ ಹೋಲ್‌ಸೇಲಿನವರಲ್ಲಿ ಹಳೇ ಸ್ಟಾಕ್ ಇದ್ದರೆ ಇರಬಹುದು ಎಂದರು. ಇನ್ನೊಂದು ರಜೆಯಲ್ಲಿ ಚಿಂತಾಮಣಿಗೆ ಹೋದೆ. ಅಲ್ಲಿ ಕಿಲೋ ಲೆಕ್ಕದಲ್ಲಿ ಮಾರುವ ಬಿಡಿ ಪೌಡರು ಮೂಟೆಗಟ್ಟಲೆ ಇತ್ತು, ಹಸಿರು ಪ್ಯಾಕೆಟ್ಟು ಇರಲಿಲ್ಲ. ಗುಮಾಸ್ತರು ತಮ್ಮೊಳಗೆ ತೆಲುಗಿನಲ್ಲಿ ಮಾತಾಡಿಕೊಂಡು, ಶಿಡ್ಲಘಟ್ಟದ ಕಡೆ ನೋಡಿ ಎಂದರು. ಅಲ್ಲಿ ರೇಷ್ಮೆ ನೂಲು ತೆಗೆಯುವವರ ಬಟ್ಟೆಗೆ ಹುಳುವಿನ ವಾಸನೆ ಹಿಡಿಯುತ್ತದೆ, ಲಿಕ್ವಿಡ್ಡಿಗೆ ಅದು ಜಗ್ಗುವುದಿಲ್ಲ, ಆ ಕಡೆಯ ಅಂಗಡಿಗಳಲ್ಲಿ ಇನ್ನೂ ಪೌಡರೇ ನಡೆಯುತ್ತದಂತೆ.

ಅವರು ಹೇಳಿದ್ದು ನಿಜ. ಶಿಡ್ಲಘಟ್ಟದಲ್ಲಿ ಪೌಡರು ಎದುರಿಗೇ ಇತ್ತು. ನನಗೆ ಬೇಕಾದದ್ದು ಮಾತ್ರ ಖಾಲಿಯಾಗಿತ್ತು. ಅಂಗಡಿಯಾತ ಮೇಲೂರಿಗೆ ಹೋಗಿ ನೋಡಿ ಅಂದ. ಮೇಲೂರಿನಲ್ಲಿ ಒಂದು ಸಣ್ಣ ಅಂಗಡಿಯ ಅಜ್ಜಿ ನನ್ನ ಮಾತು ಪೂರ್ತಿ ಕೇಳದೆಯೇ ಸ್ಟೂಲು ಹತ್ತಿ, ಅಟ್ಟದಿಂದ ಹಸಿರು ಪ್ಯಾಕೆಟ್ಟುಗಳನ್ನು ಇಳಿಸಿದರು. ಹಳೆಯದಾಗಿ ಬಣ್ಣ ಮಾಸಿತ್ತು, ಮೇಲೆ ದಪ್ಪ ಧೂಳು.

"ಗಟ್ಟಿ ಆಗೋಗೈತಮ್ಮ. ಕುಟ್ಕೊಂಡು ಹಾಕ್ಕೋಬೇಕು. ಆಮ್ಯಾಕೆ ವಾಪಸ್ ತರಬ್ಯಾಡ."

ಇದ್ದಷ್ಟನ್ನೂ ತೆಗೆದುಕೊಂಡೆ. ಬಸ್ಸಿನಲ್ಲಿ ಕೂತ ಮೇಲೆ ತಡೆಯಲಾಗದೆ ಒಂದರ ಮೂಲೆ ಹರಿದೆ. ಅದೇ. ನಿಂಬೆಹಣ್ಣು, ಸುಣ್ಣ, ಅಕ್ಕ. ಇಬ್ಬರು ಕೂರುವ ಸೀಟಿನಲ್ಲಿ ನಾನೊಬ್ಬಳೇ ಇದ್ದೆ. ಕಿಟಕಿ ಕಡೆಗೆ ಸರಿದು ಪಕ್ಕದಲ್ಲಿ ಜಾಗ ಬಿಟ್ಟೆ. ನಿಲ್ದಾಣದಲ್ಲಿ ಹತ್ತಿದ ಹೆಂಗಸೊಬ್ಬರು ಅಲ್ಲಿ ಕೂರಲು ಬಂದಾಗ ಜನ ಇದ್ದಾರೆ ಎಂದುಬಿಟ್ಟೆ. ಅವರು ನನ್ನನ್ನೂ ಖಾಲಿ ಜಾಗವನ್ನೂ ನೋಡಿ ಹಿಂದಕ್ಕೆ ಹೋದರು. ನನಗೆ ನಾಚಿಕೆಯಾಗಲಿಲ್ಲ, ಅಷ್ಟು ಸಮಾಧಾನವಾಗಿತ್ತು.

ಮಾರನೆಯ ದಿನ ಕಚೇರಿಗೆ ರಜೆ ಹಾಕಿದೆ. ಮಗು ಶಾಲೆಗೆ ಹೋದ ಮೇಲೆ ಪೌಡರಿನ ಹೆಂಟೆಗಳನ್ನು ಗುಂಡುಕಲ್ಲಿನಲ್ಲಿ ಕುಟ್ಟಿ ಪುಡಿಮಾಡಿದೆ. ಮೆಷಿನ್ನಿಗೆ ಹಾಕಲಿಲ್ಲ, ಅಕ್ಕನ ಹಾಗೆ ಬಿಸಿನೀರು ಕಾಯಿಸಿ ಬಕೆಟ್ಟಿನಲ್ಲಿ ಕೈಯಾಡಿಸಿದೆ. ಮಗುವಿನ ಫ್ರಾಕುಗಳು, ಹಾಸಿಗೆ ಬಟ್ಟೆ, ಹೊದಿಕೆ, ದಿಂಬಿನ ಕವರು, ಕೊನೆಗೆ ಪರದೆಗಳನ್ನೂ ಬಿಡಲಿಲ್ಲ. ಆವಿ ಮುಖಕ್ಕೆ ಹೊಡೆದಾಗ ಅಳು ಬಂತು. ಮಹಡಿಯ ಮೇಲೆ ಹರವಿ ಹಿಂದಕ್ಕೆ ತಿರುಗಿದರೆ ಒದ್ದೆ ಬಟ್ಟೆಗಳ ಆಚೆ ಯಾರೋ ಕ್ಲಿಪ್ಪು ಹಾಕುತ್ತಿರುವ ಹಾಗಿತ್ತು. ಗಾಳಿ ಎಂದು ಗೊತ್ತಿತ್ತು. ಆದರೂ ಒಂದೊಂದೇ ಬಟ್ಟೆ ಸರಿಸಿ ನೋಡಿದೆ. ಕಪ್ಪು ಫ್ರಾಕಿನ ಮೇಲೆ ಬಿಳಿ ಗೆರೆಗಳು ಎದ್ದಿದ್ದವು, ಉಜ್ಜಿ ತೆಗೆಯಲು ಮನಸ್ಸಾಗಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಎಲ್ಲ ಒಣಗಿತು. ಪರದೆ ಕಟ್ಟಿ, ಹಾಸಿಗೆ ಹಾಸಿ, ಮಗುವಿನ ದಾರಿ ಕಾಯುತ್ತ ಕೂತೆ. ಎಷ್ಟು ಸಂತೋಷಪಡುತ್ತದೋ ಎಂದು ಮತ್ತೆ ಮತ್ತೆ ಬಾಗಿಲ ಕಡೆ ನೋಡಿದೆ.

ಅವಳು ಬಾಗಿಲಲ್ಲಿ ಶೂ ಬಿಚ್ಚುತ್ತಿದ್ದವಳು ಹಾಗೇ ನಿಂತಳು. ಒಂದು ಕಾಲಿನಲ್ಲಿ ಶೂ ಇನ್ನೂ ಇತ್ತು.

"ಅಮ್ಮ ಬಂದವ್ಳಾ?"

ನಾನು ಬಾಯಿ ತೆರೆಯುವುದರೊಳಗೆ ಅವಳು ಒಳಗೆ ಓಡಿದಳು. ಅಡುಗೆಮನೆ ನೋಡಿದಳು. ಮಲಗುವ ಕೋಣೆಗೆ ಹೋಗಿ ಬಾಗಿಲ ಹಿಂದೆ ನೋಡಿದಳು. ಬಚ್ಚಲುಮನೆಯ ಚಿಲಕ ತೆಗೆದ ಸದ್ದು ಕೇಳಿಸಿತು. ಅಮ್ಮಾ ಎಂದು ಒಂದೇ ಸಲ ಕರೆದಳು, ಜೋರಾಗಿ ಏನಲ್ಲ, ಮನೆಯಲ್ಲೇ ಇರುವವರನ್ನು ಕರೆಯುವ ಹಾಗೆ. ಆಮೇಲೆ ಮಹಡಿಯ ಮೆಟ್ಟಿಲು. ಹತ್ತುವಾಗ ಒಂದೇ ಉಸಿರಿಗೆ ಹತ್ತಿದ ಕಾಲುಗಳು ಇಳಿಯುವಾಗ ನಿಧಾನವಾಗಿ ಇಳಿದವು. ಏನು ಮಾಡಿಬಿಟ್ಟೆ ಎಂದು ಆಗ ನನಗೆ ಅರ್ಥವಾಯಿತು.

ನೀನು ಒಗೆದಿದ್ದಾ ಎಂದು ಕೇಳಿದಳು. ಹೌದು ಕಂದ, ಅಮ್ಮನ ಪೌಡರು ಸಿಕ್ಕಿತು ಎಂದೆ. ಅವಳು ಮಂಚಕ್ಕೆ ಹೋಗಿ ಯೂನಿಫಾರ್ಮಿನಲ್ಲೇ ಬೋರಲು ಮಲಗಿ ಮುಖವನ್ನು ದಿಂಬಿಗೆ ಒತ್ತಿಕೊಂಡಳು. ನಾನು ಪಕ್ಕದಲ್ಲಿ ಕೂತು ಬೆನ್ನು ಸವರಿದೆ. ಅವಳು ಅಳಲಿಲ್ಲ. ದಿಂಬಿನೊಳಗಿನಿಂದಲೇ ಮಾತಾಡಿದಳು.

"ಇವತ್ತೊಂದಿನ ಇರ್ಲಿ ಚಿಕ್ಕಮ್ಮ. ನಾಳೆಯಿಂದ ನಿಂದೇ ಹಾಕು."

ಯಾಕೆ, ಇದು ಚೆನ್ನಾಗಿಲ್ವಾ ಎಂದು ಕೇಳಿದೆ.

"ಈ ವಾಸ್ನೆ ಬಂದ್ರೆ ನಾನು ಹುಡುಕ್ತೀನಿ."

ಬೆಳಿಗ್ಗೆ ನಾನು ಎದ್ದಾಗ ಅವಳು ಆಗಲೇ ಹಾಸಿಗೆ ಬಟ್ಟೆ ಎಳೆಯುತ್ತಿದ್ದಳು. ನಾನು ಇರಲಿ ಬಿಡು, ಸಂಜೆ ನೋಡೋಣ ಎಂದೆ. ಆ ವಾಸನೆಯನ್ನು ತೊಳೆದುಹಾಕಲು ನನಗೆ ಕೈ ಬರುತ್ತಿರಲಿಲ್ಲ. ಅವಳು ಕೇಳಲಿಲ್ಲ. ದಿಂಬಿನ ಕವರು ಬಿಚ್ಚಿ, ಎಲ್ಲವನ್ನೂ ತನ್ನ ಎತ್ತರಕ್ಕೆ ಮೀರಿ ತೋಳಲ್ಲಿ ತುಂಬಿಕೊಂಡು ಹೋಗಿ ಮೆಷಿನ್ನಿಗೆ ತುರುಕಿದಳು. ಲಿಕ್ವಿಡ್ಡನ್ನು ಮುಚ್ಚಳದ ಗೆರೆಯವರೆಗೆ ಅಳೆದು ಸುರಿದು, ಯಾವ ಬಟನ್ನು ಎಂದು ಕೇಳಿದಳು. ತೋರಿಸಿದೆ. ಒತ್ತಿ, ಕೈ ತೊಳೆದುಕೊಂಡು ತಿಂಡಿಗೆ ಕೂತಳು.

ಗಾಜಿನ ಬಾಗಿಲ ಹಿಂದೆ ಬಟ್ಟೆ ತಿರುಗತೊಡಗಿತು. ಇನ್ನೂ ನೀರು ಪೂರ್ತಿ ತುಂಬಿರಲಿಲ್ಲ. ಈಗ ನಿಲ್ಲಿಸಿದರೆ ಒಂದು ದಿಂಬಿನ ಕವರಾದರೂ ಉಳಿಯುತ್ತದೆ ಎಂದು ನನ್ನ ಕೈ ಬಟನ್ನಿನವರೆಗೆ ಹೋಯಿತು. ಒಳಗಿನಿಂದ ಮಗು ಚಟ್ನಿ ಬೇಕು ಎಂದು ಕರೆಯಿತು. ಎಷ್ಟೋ ದಿನದ ಮೇಲೆ ಬಾಯಿಬಿಟ್ಟು ಏನಾದರೂ ಬೇಕು ಅಂದಿತ್ತು. ನಾನು ಕೈ ತೆಗೆದು ಅಡುಗೆಮನೆಗೆ ಹೋದೆ.