ನಾದಿನಿ ಅಂದುಬಿಟ್ಟೆ

ನಮ್ಮ ಬೈಲಹೊಂಗಲಕ್ಕೆ ರೈಲಿಲ್ಲ. ಹತ್ತಬೇಕೆಂದರೆ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಬೇಕು. ಬಸ್ಸಿನ ಟಿಕೆಟ್ಟಿನ ಮೇಲೆ ಯಾರ ಹೆಸರೂ ಇರುವುದಿಲ್ಲ. ಬಸ್ಸಿನಲ್ಲೇ ಓಡಾಡಿ ಮುದುಕನಾದ ನನಗೆ, ರೈಲಿನ ಟಿಕೆಟ್ಟಿನ ಹೆಸರು ಅಷ್ಟು ದೊಡ್ಡ ಸಂಗತಿ ಎಂದು ಹೊಳೆಯಲೇ ಇಲ್ಲ.

ದಾವಣಗೆರೆಗೆ ಕೊಟ್ಟ ತನ್ನ ತಂಗಿಯನ್ನು ನೋಡಲು ನನ್ನ ಹೆಂಡತಿ ಒಬ್ಬಳೇ ಹೊರಟಿದ್ದಳು. ಬಜಾರದ ಕಂಪ್ಯೂಟರ್ ಅಂಗಡಿಯಲ್ಲಿ ಅವಳ ಟಿಕೆಟ್ಟು ತೆಗೆಸಿದವನು ನಾನು. ಅವಳ ಮೊಣಕಾಲು ನೋವು ಹೆಚ್ಚಾದದ್ದು ಕಂಡು ನಾನೂ ಜೊತೆಗೆ ಹೋಗುವುದೆಂದು ಆಮೇಲೆ ಬೇರೆ ಟಿಕೆಟ್ಟು ತೆಗೆಸಿದೆ. ಅದೃಷ್ಟಕ್ಕೆ ಪಕ್ಕದ ಸೀಟೇ ಸಿಕ್ಕಿತು.

ಹುಬ್ಬಳ್ಳಿ ದಾಟಿದ ಮೇಲೆ ಟಿ.ಸಿ. ಬಂದರು. ನನ್ನ ಕಾರ್ಡು ನೋಡಿ ತಲೆಯಾಡಿಸಿದರು. ಅವಳ ಆಧಾರ್ ಕಾರ್ಡನ್ನು ಮಾತ್ರ ಹಿಡಿದುಕೊಂಡೇ ನಿಂತರು.

"ಯಜಮಾನ್ರ, ಟಿಕೆಟ್ಟಿನ್ಯಾಗ ಒಂದು ಹೆಸರು, ಕಾರ್ಡಿನ್ಯಾಗ ಒಂದು ಹೆಸರು. ಇವರು ಯಾರು?"

ನಮ್ಮ ಕಡೆ ಮದುವೆಯಲ್ಲಿ ಸೊಸೆಯ ಹೆಸರು ಬದಲಿಸುವುದುಂಟು. ತಾಟಿನಲ್ಲಿ ಅಕ್ಕಿ ಹರವಿ, ಮದುಮಗ ಉಂಗುರದಿಂದ ಹೊಸ ಹೆಸರು ಬರೆಯುತ್ತಾನೆ. ನನ್ನ ಹೆಂಡತಿಯ ತವರಿನ ಹೆಸರೂ ನನ್ನ ತಾಯಿಯ ಹೆಸರೂ ಒಂದೇ ಆಗಿದ್ದವು. ಅತ್ತೆಯ ಹೆಸರು ಹಿಡಿದು ಸೊಸೆಯನ್ನು ಕೂಗುವುದು ಹೇಗೆ? ಅವ್ವ ಹೇಳಿದ ಹೆಸರನ್ನು ನಾನು ಅಕ್ಕಿಯಲ್ಲಿ ಬರೆದೆ. ನಿನಗಿದು ಸೇರುತ್ತದೆಯೇ ಎಂದು ಅವಳನ್ನು ಯಾರೂ ಕೇಳಲಿಲ್ಲ, ನಾನಂತೂ ಕೇಳಲಿಲ್ಲ. ಅಂದಿನಿಂದ ಊರಿಗೆಲ್ಲ ಅವಳು ಅದೇ ಹೆಸರಿನವಳು. ಆಧಾರ್ ಮಾಡಿಸುವಾಗ ಅವಳು ತವರೂರು ಮುರಗೋಡದ ಶಾಲೆಯ ದಾಖಲೆ ಕೊಟ್ಟು ತವರಿನ ಹೆಸರನ್ನೇ ಬರೆಸಿದ್ದಳಂತೆ. ಹೆಂಗಸರಿಗೆ ಬಸ್ಸು ಪುಕ್ಕಟೆ ಆದಾಗಿನಿಂದ ಆ ಕಾರ್ಡನ್ನು ದಿನಾ ಕಂಡಕ್ಟರಿಗೆ ತೋರಿಸುತ್ತಾಳೆ. ನಾನು ಒಮ್ಮೆಯೂ ಅದನ್ನು ಓದಿರಲಿಲ್ಲ.

ಇಷ್ಟನ್ನೇ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಟಿ.ಸಿ. ನಿಂತ ರೀತಿಗೆ ನಾನು ಬೆವತೆ. ಅಕ್ಕಿ, ಉಂಗುರ ಎಂದರೆ ಇವರು ನಂಬುತ್ತಾರೆಯೇ ಎನಿಸಿತು. ನಂಬುವಂಥದ್ದೇನಾದರೂ ಹೇಳಬೇಕೆಂದು ಜಾಣತನ ಮಾಡಿದೆ.

"ಇವರು ನನ್ನ ನಾದಿನಿರೀ. ಟಿಕೆಟ್ ಹೆಂಡತೀದು. ಆಕೀಗೆ ಆರಾಮಿಲ್ಲ, ಅದಕ್ಕ ಆಕೀ ತಂಗೀನ್ನ ಕರಕೊಂಡು ಬಂದೇನಿ."

ಹೆಂಡತಿ ನನ್ನ ಕಡೆ ತಿರುಗಿದ್ದು ಗೊತ್ತಾಯಿತು. ನಾನು ಕಿಟಕಿಯ ಕಡೆ ನೋಡಿದೆ.

"ಹಂಗಾದ್ರ ಈ ಟಿಕೆಟ್ ನಡಿಯೂದಿಲ್ರಿ," ಎಂದರು ಟಿ.ಸಿ. "ಒಬ್ಬರ ಟಿಕೆಟ್ಟಿನ ಮ್ಯಾಲ ಇನ್ನೊಬ್ಬರು ಕುಂತ್ರ ಟಿಕೆಟ್ ಇಲ್ಲದಂಗನ. ದಂಡ ಕಟ್ರಿ, ಇಲ್ಲಾಂದ್ರ ಹಾವೇರಿಯೊಳಗ ಇವರನ್ನ ಇಳಸಬೇಕಾಗತೈತಿ."

ನಾನು ಕಟ್ಟಿದ ಸುಳ್ಳೇ ಅಪರಾಧವಾಗಿತ್ತು. ದಂಡದ ಮಾತು ಹಾಗಿರಲಿ, ಆ ನೋವಿನ ಕಾಲಿಟ್ಟುಕೊಂಡು ಅವಳು ಹಾವೇರಿಯ ಪ್ಲಾಟ್‌ಫಾರ್ಮಿನಲ್ಲಿ ಕಳ್ಳಿಯ ಹಾಗೆ ಇಳಿಯಬೇಕಾಗುತ್ತಿತ್ತು. ಡಬ್ಬಿಯ ಜನವೆಲ್ಲ ನಮ್ಮನ್ನೇ ನೋಡುತ್ತಿದ್ದರು. ಅವಳೇ ಬಾಯಿ ತೆರೆದಳು.

"ಸಾಹೇಬರ, ನಾ ಇವರ ನಾದಿನಿ ಅಲ್ರಿ. ಹೆಂಡತಿ ಅದೇನಿ. ಕಾರ್ಡಿನ್ಯಾಗಿಂದು ನಮ್ಮವ್ವ ಇಟ್ಟ ಹೆಸರು. ಟಿಕೆಟ್ಟಿನ್ಯಾಗಿಂದು ಇವರವ್ವ ಇಟ್ಟ ಹೆಸರು."

"ಮತ್ತ ಇವರು ನಾದಿನಿ ಅಂದ್ರಲ್ಲ?"

"ಯಾಕ ಅಂದ್ರೋ ಅವರನ್ನ ಕೇಳ್ರಿ."

ನಾನು ಎದ್ದು ನಿಂತೆ. "ಸುಳ್ಳ ಹೇಳಿದ್ನಿರಿ. ಹೆದರಿ ಹೇಳಿದೆ. ಈಕಿ ನನ್ನ ಹೆಂಡತೀನ."

"ಆಗ ಹೇಳಿದ್ದು ಸುಳ್ಳೋ, ಈಗ ಹೇಳೂದು ಸುಳ್ಳೋ?"

ಎದುರಿಗೆ ಕುಳಿತಿದ್ದ ಸವದತ್ತಿಯ ಬಳೆ ವ್ಯಾಪಾರಿ ಅಷ್ಟು ಹೊತ್ತು ನಗು ತಡೆದುಕೊಂಡಿದ್ದ. "ಲಗೂನ ಒಂದ ಹೇಳ್ರಿ ಅಜ್ಜಾರ," ಎಂದ. "ಹಾವೇರಿ ಬರೂದ್ರೊಳಗ ಅತ್ತೀನೂ ಮಾಡೀರಿ ಮತ್ತ." ಹಿಂದಿನ ಸೀಟಿನವರೂ ನಕ್ಕರು. ಅವಳು ನಗಲಿಲ್ಲ.

ಟಿ.ಸಿ. ನಮ್ಮಿಬ್ಬರ ಕಾರ್ಡುಗಳನ್ನು ಒಂದರ ಪಕ್ಕ ಒಂದು ಹಿಡಿದರು. ಅವಳ ಕಾರ್ಡಿನ ಹಿಂಬದಿ ತಿರುಗಿಸಿ ಓದಿದರು. ವಿಳಾಸದ ಮೇಲೆ ಗಂಡನ ಹೆಸರಿತ್ತು, ಅದು ನನ್ನದೇ. ಓಣಿಯೂ ಒಂದೇ, ಮನೆಯ ನಂಬರೂ ಒಂದೇ. ಟಿಕೆಟ್ಟಿನಲ್ಲಿದ್ದ ವಯಸ್ಸೂ ಹೊಂದಿತು.

"ನಮ್ಮ ದೊಡ್ಡವ್ವಗೂ ಎರಡ ಹೆಸರದಾವ್ರಿ," ಎಂದು ಅವರು ಅವಳ ಕಾರ್ಡನ್ನು ಅವಳ ಕೈಗೇ ಕೊಟ್ಟರು. "ಕುಂಡರ್ರಿ ಅಕ್ಕಾರ. ಯಜಮಾನ್ರ, ಮುಂದಿನ ಸಲ ಕಾರ್ಡಿನ್ಯಾಗ ಇದ್ದ ಹೆಸರ ಬರಸ್ರಿ. ಖರೇ ಹೇಳಿದ್ರ ನಾವೇನ್ ತಿನ್ನೂದಿಲ್ಲ."

ಹಾವೇರಿ ಬಂತು, ಹೋಯಿತು. ಅವಳು ಸೀಟಿನಲ್ಲಿಯೇ ಇದ್ದಳು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು, ಆದರೆ ಪೂರ್ತಿ ಇಳಿಯಲಿಲ್ಲ. ತಪ್ಪಾಯಿತು ಎಂದು ಮೆಲ್ಲಗೆ ಹೇಳಿದೆ.

"ಹೆಸರ ಬದಲಿ ಮಾಡಿದಾಗ ನಾ ಏನರ ಅಂದೇನೇನು?" ಎಂದಳು. "ಇವತ್ತ ಒಂದ ಚೀಟಿಗೆ ಹೆದರಿ ನನ್ನನ್ನ ಹೆಂಡತೀನ ಅಲ್ಲ ಅಂದ್ರಲ್ಲ. ಅದ ಚುಚ್ಚತೈತಿ."

ರಾಣೆಬೆನ್ನೂರಿನಲ್ಲಿ ಚಹಾ ಬಂತು. ಕಪ್ಪು ಕೊಟ್ಟಾಗ ತೆಗೆದುಕೊಂಡಳು.

ದಾವಣಗೆರೆಯಲ್ಲಿ ನಾದಿನಿ, ನಿಜವಾದ ನಾದಿನಿ, ಸ್ಟೇಷನ್ನಿಗೇ ಬಂದಿದ್ದಳು. "ಪ್ರಯಾಣ ಹೆಂಗಾತು?" ಎಂದು ಅಕ್ಕನನ್ನು ಕೇಳಿದಳು. ಈಗ ನನ್ನ ಮಾನ ಹೋಯಿತು ಎಂದುಕೊಂಡೆ. ಹೆಂಡತಿ ನನ್ನತ್ತ ಒಮ್ಮೆ ನೋಡಿ, "ಆರಾಮ ಆತು," ಎಂದಷ್ಟೇ ಹೇಳಿ ಮುಂದೆ ನಡೆದಳು.

ಅವಳು ಮುಚ್ಚಿಟ್ಟದ್ದನ್ನು ನನಗೆ ಮುಚ್ಚಿಟ್ಟುಕೊಳ್ಳಲಾಗಲಿಲ್ಲ. ಊಟಕ್ಕೆ ಕುಳಿತಾಗ ನಾನೇ ಎಲ್ಲವನ್ನೂ ಹೇಳಿದೆ, ಕಿಟಕಿಯ ಕಡೆ ನೋಡಿದ್ದನ್ನೂ ಬಿಡದೆ. ನಾದಿನಿ ರೊಟ್ಟಿಯ ಬುಟ್ಟಿ ಹಿಡಿದು ನಿಂತುಬಿಟ್ಟಳು.

"ಹಂಗಾದ್ರ ನಾ ಯಾರ್ರಿ, ಭಾವಾರ? ಆರಾಮಿಲ್ಲದ ಹೆಂಡತಿ ನಾನೇನು?"

ಮೊದಲು ನಕ್ಕವಳು ನನ್ನ ಹೆಂಡತಿ. ತಡೆದು ತಡೆದು ನಕ್ಕಳು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ತಂಗಿಯ ಕೈಯ ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು ನನ್ನ ತಾಟಿಗೆ ಹಾಕಿ, "ಉಣ್ರಿ ಈಗ," ಎಂದಳು.