ಉಡಿ ತುಂಬೂ ದಿನದ ಸೀದ ಹುಗ್ಗಿ

ಇವತ್ತು ಮುಂಜಾನೆ ಬಾಜೂ ಮನ್ಯಾಗ ಯಾರೋ ಒಲಿ ಮ್ಯಾಲ ಬೆಲ್ಲ ಕಾಸಾಕ ಇಟ್ಟು ಮರತಿದ್ರು. ಸೀದ ವಾಸನಿ ಗ್ವಾಡಿ ದಾಟಿ ನಮ್ಮ ಪಡಸಾಲಿಗೆ ಬಂತು. ಬ್ಯಾರೇದವರಾದ್ರ "ಯವ್ವಾ, ಒಲಿ ನೋಡ್ರಿ" ಅಂತ ಒದರತಿದ್ರು. ನಾನೂ ಒದರಿದ್ನಿ ಖರೆ, ಆದ್ರ ಮೊದ್ಲು ನಕ್ನಿ. ಮಗ್ಗದ ಮುಂದ ಕುಂತು ಒಬ್ಬಾಕಿನ ನಗೂದು ಯಾರರ ನೋಡಿದ್ರ, ಈಕಿಗೇನಾತು ಅಂತಿದ್ರು. ಏನ್ ಮಾಡೂದ್ರಿ, ಸೀದ ಬೆಲ್ಲದ ವಾಸನಿ ಬಂದ್ರ ನನಗ ಹೊಟ್ಟಿ ತಣ್ಣಗಾಗತೈತಿ. ಯಾಕ ಅಂತ ಹೇಳ್ತೇನಿ, ಅವಸರ ಇಲ್ಲಂದ್ರ ಹಿಂಗ ಕುಂದರ್ರಿ.

ನಮ್ಮದು ಗುಳೇದಗುಡ್ಡ. ಖಣ ನೇಯೂ ಊರು. ನಿಮ್ಮ ಮನಿ ಹೆಣ್ಮಕ್ಕಳಿಗೆ ಯಾರರ ಉಡಿ ತುಂಬಿದಾಗ ಸೆರಗಿನ್ಯಾಗ ಅಕ್ಕಿ, ಕೊಬ್ಬರಿ ಬಟ್ಲ, ಉತ್ತತ್ತಿ, ಅರಿಷಿಣ ಬೇರಿನ ಜೋಡಿ ಒಂದು ಕುಪ್ಪಸದ ಅರಿವಿ ಮಡಚಿ ಇಟ್ಟಿರತಾರಲ್ಲ, ಅದ ಖಣ. ಅದು ನನ್ನ ಮಗ್ಗದ್ದೂ ಇರಬಹುದು, ಯಾರಿಗೆ ಗೊತ್ತು. ಲಗ್ನ ಆಗಿ ಈ ಮನಿಗೆ ಬಂದಾಗಿನಿಂದ ನೇಯ್ಕೋತ ಬಂದೇನಿ. ಮೊದ್ಲು ನಮ್ಮ ಮನಿಯವರು ನೇಯ್ತಿದ್ರು, ನಾ ಕಂಡಿಕಿಗೆ ನೂಲು ಸುತ್ತತಿದ್ನಿ. ಅವರು ಹೋದ ಮ್ಯಾಲ ಮಗ್ಗಕ್ಕ ನಾನ ಇಳದ್ನಿ. ಸುಮ್ನ ಕುಂತ್ರ ಮನಿ ತಿನ್ನಾಕ ಬರ್ತಿತ್ತು.

ಓಣಿ ತುದಿಗೆ ನಮ್ಮದೊಂದು ಸಣ್ಣ ಮಠ ಐತಿ. ಶ್ರಾವಣ ಬಂತಂದ್ರ ಅಲ್ಲಿ ಪುರಾಣ ಹಚ್ಚತಾರ. ದಿನಾ ಸಂಜಿಮುಂದ ಶಾಸ್ತ್ರಿಗಳು ಶರಣರ ಕಥಿ ಹೇಳ್ತಾರ, ನಾವು ಬತ್ತಿ ಹೊಸಕೋತ, ಮಾತು ಬಂದ್ರ ಮಾತಾಡಿಕೋತ ಕೇಳ್ತೇವಿ. ಗಂಡಸ್ರು ಪೆಂಡಾಲ್ ಹಾಕಿ ಮೈಕ್ ಹಚ್ಚಿ "ಹಲೋ, ಹಲೋ" ಅಂತ ಹತ್ತು ಸಲ ಅಂದ್ರ ಅವರ ಸೇವಾ ಮುಗೀತು. ಉಳಿದದ್ದೆಲ್ಲಾ ನಮ್ಮ ಕೊರಳಿಗೆ. ಕಡೀ ದಿನ ಮಂಗಲ. ಅವತ್ತು ಓಣಿ ಹೆಣ್ಮಕ್ಕಳಿಗೆಲ್ಲಾ ಉಡಿ ತುಂಬತಾರ, ಆಮ್ಯಾಲ ಎಲ್ಲಾರಿಗೂ ಗೋಧಿ ಹುಗ್ಗಿ ಪ್ರಸಾದ.

ಇದರದೆಲ್ಲಾ ಕಾರಭಾರ ನಮ್ಮ ಶಾಂತಕ್ಕಂದು. ನಮ್ಮ ಮನಿಯಿಂದ ಮೂರನೇ ಮನಿ ಅಕಿದು. ಯಾರೂ ಆರಿಸಿದ್ದಲ್ಲ, ಹುಟ್ಟಾ ಅಧ್ಯಕ್ಷಿಣಿ. ಯಾರ ಮನ್ಯಾಗ ದೊಡ್ಡ ಪಾತೇಲಿ ಐತಿ, ಯಾರ ಮನಿ ಜಮಖಾನಿ ಹರಿದೈತಿ, ಎಲ್ಲಾ ಅಕಿ ನಾಲಿಗಿ ತುದಿ ಮ್ಯಾಲ. ಆ ನಾಲಿಗಿ ಬಗ್ಗೆ ಮಾತ್ರ ಕೇಳಬ್ಯಾಡ್ರಿ. ಒಮ್ಮೆ ಶಾಸ್ತ್ರಿಗಳಿಗೇ "ಅಪ್ಪಾರ, ಕಥಿ ಸ್ವಲ್ಪ ಜಗ್ಗಿ ಹೇಳ್ರಿ, ಅನ್ನ ಇನ್ನಾ ಬೆಂದಿಲ್ಲ" ಅಂದಾಕಿ. ಅವರೂ ಪಾಪ ಜಗ್ಗಿ ಹೇಳಿದ್ರು.

ನಮ್ಮ ಮನಿಯವರು ತೀರಿಕೊಂಡ ಮ್ಯಾಲ ಬಂದ ಮೊದಲನೇ ಶ್ರಾವಣದಾಗ ನನಗೊಂದು ಸಂಗತಿ ತಿಳೀತು. ನಮ್ಮ ಓಣ್ಯಾಗ ಗಂಡನ್ನ ಕಳಕೊಂಡಾಕಿಗೆ ಯಾರೂ "ನೀ ಉಡಿ ತುಂಬಿಸ್ಕೊಳ್ಳಾಕ ಬರಬ್ಯಾಡ" ಅನ್ನೂದಿಲ್ಲ. ಅಷ್ಟು ಕೆಟ್ಟ ಮಂದಿ ಅಲ್ಲ. ಕೆಲಸ ಹಚ್ಚತಾರ! "ತಂಗಿ, ನೀ ಸ್ವಲ್ಪ ಹುಗ್ಗಿ ಕಡೆ ನೋಡ್ಕೊ" ಅಂದ್ಲು ಶಾಂತಕ್ಕ, ಭಾಳ ಅಕ್ಕರತಿಲೆ. ಹೋಗಿ ನೋಡಿದ್ರ ಒಲಿ ಮುಂದ ಮಲ್ಲವ್ವಾಯಿ ನಿಂತು ಸೌಟು ಆಡಸಾಕ ಹತ್ಯಾಳ. ಮಲ್ಲವ್ವಾಯಿ ಗಂಡನ್ನ ಕಳಕೊಂಡು ಎಷ್ಟೋ ವರ್ಷ ಆಗಿತ್ತು. "ಬಾ, ಬಂದ್ಯಾ? ಆ ಕಡೆ ಸೌಟು ಹಿಡಿ" ಅಂದ್ಲು, ನನ್ನ ದಾರಿ ಕಾಯ್ತಿದ್ದಾಕಿ ಹಂಗ. ಆವಾಗ ಗೊತ್ತಾತು ನೋಡ್ರಿ, ನಮ್ಮ ಓಣಿ ಹುಗ್ಗಿ ಸುತ್ತ ಹಳ್ಳಿಗೆಲ್ಲಾ ಹೆಸರಾಗಿದ್ದು ಯಾಕಂತ. ಅದನ್ನ ಬಿಟ್ಟು ಬ್ಯಾರೆ ಎಲ್ಲೂ ಹೋಗಾಕ ಜಾಗಾ ಇಲ್ಲದವರು ಅದನ್ನ ತಿರುವಿರತಾರ.

ಮರುವರ್ಷನೂ ಸೌಟು. ಪೆಂಡಾಲಿನ್ಯಾಗ ಹಾಡು ಕೇಳ್ತಿತ್ತು, ಬಳಿ ಸಪ್ಪಳ ಕೇಳ್ತಿತ್ತು. ನಾ ಮಲ್ಲವ್ವಾಯಿಗೆ, "ಆಯಿ, ನಿಮಗ ಏನೂ ಅನಸೂದಿಲ್ಲೇನು?" ಅಂದ್ನಿ. "ಏ, ಹೊಗಿ ಕಣ್ಣಿಗೆ ಹೊಕ್ಕೈತಿ ಸುಮ್ನಿರು" ಅಂದ್ಲು. ಅಷ್ಟ ಅಕಿ ಉತ್ತರ. ನನ್ನ ಕಣ್ಣಿಗೂ ಹೊಗಿ ಹೊಕ್ಕಿತು.

ಮೂರನೇ ವರ್ಷ ಶಾಂತಕ್ಕ ಆಷಾಢದಾಗ ನಮ್ಮ ಮನಿಗೆ ಬಂದು ಮಗ್ಗದ ಕಟ್ಟಿಗೆ ಕುಂತ್ಲು. "ತಂಗಿ, ಈ ಸಲ ಉಡಿಗೆ ಪ್ಯಾಟಿ ಖಣ ಬ್ಯಾಡ. ನಿನ್ನ ಕೈಯಾಗಿಂದ ಇರಲಿ, ಮಠಕ್ಕ ನಿನ್ನ ಸೇವಾ ಆಗ್ಲಿ" ಅಂದ್ಲು. ನಾ ಹಿಗ್ಗಿ ಹೀರೇಕಾಯಿ ಆಗಿ ಹೂಂ ಅಂದ್ನಿ. ಅಕಿ ಹೋದ ಮ್ಯಾಲ ನೇಯಾಕ ಕುಂತ್ನಿ ನೋಡ್ರಿ, ಆವಾಗ ತಲ್ಯಾಗ ಹುಳ ಹೊಕ್ಕಿತು. ಅಲ್ಲ, ಓಣಿ ಮಂದಿ ಉಡಿಗೆಲ್ಲಾ ನನ್ನ ಖಣ ಬೇಕು, ನಾ ಮಾತ್ರ ಒಲಿ ಮುಂದ? ಇಡೀ ತಿಂಗಳು ಶರಣರು ಹಂಗಂದ್ರು, ಹಿಂಗಂದ್ರು ಅಂತ ಕೇಳಿ, ಕಡೀ ದಿನಕ್ಕ ನಮ್ಮನ್ನ ಹೊಗ್ಯಾಗ ಕಳಿಸೂದು?

ನಿರ್ಧಾರ ಮಾಡಿಬಿಟ್ನಿ. ಈ ಸಲ ಸಾಲಿನ್ಯಾಗ ಕುಂದ್ರಾಕಿನ. ಯಾರರ ತಡದ್ರ ಎಲ್ಲಾರ ಮುಂದ ಭಾಷಣ ಹೊಡ್ಯಾಕಿನ. ಆ ಭಾಷಣ ತಯಾರು ಮಾಡಿದ್ದೇ ಒಂದು ಕಥಿ. ಲಾಳಿ ಆ ಕಡೆ ಹೋದ್ರ ಒಂದು ಮಾತು, ಈ ಕಡೆ ಬಂದ್ರ ಒಂದು ಮಾತು. ಶಾಂತಕ್ಕ ಏನಂತಾಳ, ಅದಕ್ಕ ನಾ ಏನನ್ನಬೇಕು, ಅಕಿ ತಿರುಗಿ ಏನಂತಾಳ, ಅಕಿ ಮಾತೂ ನಾನ ಆಡಿ ಅಕಿಗೆ ನಾನ ಬೈದ್ನಿ. ನಡುವ ಸಿಟ್ಟಿನ್ಯಾಗ ಎಳಿ ಹರಕೊಂಡು ಮತ್ತ ಕೂಡಿಸಿದ್ನಿ. ಇಲಕಲ್ಲಿಗೆ ಕೊಟ್ಟ ನನ್ನ ಮಗಳು ಫೋನ್ ಮಾಡಿದಾಗ ಅಕಿಗೂ ಹೇಳಿದ್ನಿ. "ಅವ್ವಾ, ಬ್ಯಾಡವ್ವಾ. ಮಂದ್ಯಾಗ ಯಾರರ ಏಳು ಅಂದ್ರ ನೀ ತಡಕೊಳ್ಳೂದಿಲ್ಲ" ಅಂದ್ಲು. ಅಕಿ ಅಂದಿದ್ದು ಖರೇನ ಇತ್ತು. ನನಗ ಬೇಕಾಗಿದ್ದು ಕೊಬ್ಬರಿ ಬಟ್ಲ ಅಲ್ಲರಿ. ಆ ಓಣ್ಯಾಗ ಜನ್ಮ ಕಳದಾಕಿ ನಾ. ಎಲ್ಲಾರ ನಡುವ ನನ್ನನ್ನ ಎಬ್ಬಿಸಿದ್ರಂದ್ರ, ಮರುದಿನ ಅದ ಮಂದಿ ಮುಂದ ನಳದ ನೀರಿಗೆ ಹೆಂಗ ಹೋಗ್ಲಿ? ಎದುರು ಮನಿಯಾಕಿಗೆ ಮಜ್ಜಿಗಿ ಹೆಂಗ ಕೇಳ್ಲಿ?

ಮಂಗಲದ ದಿನ ಇಲಕಲ್ ಸೀರಿ ಉಟ್ಟು, ಹಣಿಗೆ ವಿಭೂತಿ ಹಚ್ಕೊಂಡು ಹೋದ್ನಿ. ಹುಗ್ಗಿ ಕಡೆ ತಿರುಗಿನೂ ನೋಡಲಿಲ್ಲ. ಸೀದಾ ಪೆಂಡಾಲಿಗೆ ಹೋಗಿ ನಡುವಿನ ಸಾಲಿನ್ಯಾಗ ಕುಂತ್ನಿ. ಬಾಜೂ ಕುಂತಾಕಿ ಎದುರು ಮನಿ ನೀಲವ್ವ. ನನ್ನನ್ನ ನೋಡಿದ್ಲು, ಸ್ವಲ್ಪ ಸರದ್ಲು. ಮುಟ್ಟಬಾರದಂತ ಸರದ್ಲೋ, ಜಾಗಾ ಬಿಡಾಕ ಸರದ್ಲೋ ಯಾರಿಗೆ ಗೊತ್ತು! ಹೊಳ್ಳಿ ನೋಡಿದ್ರ, ಅಡಗಿ ಕಡೆ ಬಾಗಿಲಾಗ ಮಲ್ಲವ್ವಾಯಿ ಸೌಟು ಹಿಡಕೊಂಡು ನಿಂತು ನನ್ನನ್ನ ನೋಡಾಕ ಹತ್ತಿದ್ಲು.

ಅಷ್ಟೊತ್ತಿಗೆ ಉಡಿ ತುಂಬೂದು ಚಾಲೂ ಆತು. ಬುಟ್ಟಿ ಹಿಡಕೊಂಡು ನಮ್ಮ ಸಾಲಿಗೆ ಬಂದಾಕಿ ಯಾರು ಅಂತೀರಿ? ಬ್ಯಾರೆ ಯಾರಾದ್ರೂ ಆಗಬಾರದಿತ್ತೇನು, ಶಾಂತಕ್ಕನ! ಒಬ್ಬೊಬ್ಬರಿಗೇ ತುಂಬಕೋತ ಬಂದ್ಲು. ನೀಲವ್ವಂದು ಆತು. ನನ್ನ ಮುಂದ ಬಂದು ನಿಂತ್ಲು.

ತಿಂಗಳಗಟ್ಟಲೆ ಪಾಠ ಮಾಡಿದ ಮಾತು ಗಂಟಲಕ್ಕ ಬಂದಿತ್ತು. ಬಾಯಿ ತೆಗದ್ನಿ. "ಶಾಂತಕ್ಕಾ, ನಾ..." ಅಂದ್ನಿ.

"ಬಾಯಿ ಆಮ್ಯಾಲ ತೆಗಿ, ಮೊದ್ಲು ಸೆರಗು ಸರಿ ಹಿಡಿ. ಅಕ್ಕಿ ಚೆಲ್ತಾವು" ಅಂದ್ಲು.

ಸೆರಗು ಹಿಡದ್ನಿ. ಅಕ್ಕಿ ಬಿತ್ತು, ಕೊಬ್ಬರಿ ಬಟ್ಲ ಬಿತ್ತು, ಮ್ಯಾಲ ನಾ ನೇಯ್ದ ಖಣ ಬಿತ್ತು. ಶಾಂತಕ್ಕ ಮುಂದಿನಾಕಿ ಕಡೆ ಹೋದ್ಲು. ಆತು, ಅಷ್ಟ! ಯಾರೂ ಏನೂ ಅನ್ನಲಿಲ್ಲ. ಆಕಾಶ ಹರದು ಬೀಳಲಿಲ್ಲ. ನೀಲವ್ವ ನನ್ನ ಉಡ್ಯಾಗ ಇಣಿಕಿ ನೋಡಿ, "ಏ, ನಿನಗ ದೊಡ್ಡ ಬಟ್ಲ ಬಿದ್ದೈತಿ ನೋಡು, ನಂದು ಒಳಗ ಕರ್ರಗ ಐತಿ" ಅಂತ ಮಾರಿ ಸಣ್ಣ ಮಾಡಿದ್ಲು. ನನಗ ಎಷ್ಟು ಹಗುರ ಆತಂದ್ರ, ಅಲ್ಲೇ ಕುಂತು ಅತ್ತುಬಿಟ್ನಿ. ಎರಡೂ ಕೈಯಾಗ ಸೆರಗು, ಕಣ್ಣೀರು ಒರಸ್ಕೊಳ್ಳಾಕೂ ಬರವಲ್ದು. ನೀಲವ್ವನ ತನ್ನ ಸೆರಗಿನ ತುದಿಲೆ ಒರಸಿದ್ಲು, ಒರಸೂಮುಂದ ತನ್ನ ಅಕ್ಕಿ ಚೆಲ್ಲಿಕೊಂಡ್ಲು.

ಆಮ್ಯಾಲೊಂದು ದಿನ ಶಾಂತಕ್ಕನ್ನ ಹಿಡದು ಕೇಳಿದ್ನಿ, "ಮತ್ತ ಎರಡು ವರ್ಷ ನನ್ನನ್ನ ಹುಗ್ಗಿ ಕಡೆ ಯಾಕ ಕಳಿಸಿದಿ?" ಅಕಿ ನನಗ ಬೈದ್ಲು. "ಮಂದ್ಯಾಗ ಕುಂತು ಗಂಡನ್ನ ನೆನಿಸಿ ಅಳ್ತಿ ಅಂತ ಕಳಿಸಿದ್ನಿ. ನೀ ಬರ್ತೇನಿ ಅಂತ ಬಾಯಿ ಬಿಟ್ಟಿದ್ಯಾ?" ಅಂದ್ಲು. ಅದು ಪೂರಾ ಖರೇನೋ, ಅರ್ಧ ಖರೇನೋ, ನಾ ಕೆದಕಾಕ ಹೋಗಲಿಲ್ಲ. ಆ ಭಾಷಣ ಮಾತ್ರ ಹಂಗ ಉಳೀತು. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು ಅಂತಾರ. ಆಡಿದ್ರ ಭಾಳ ಕೆಟ್ಟಿರತಿತ್ತು.

ಸೀದ ವಾಸನಿ ಕಥಿ ಉಳೀತಲ್ಲ. ನಾ ಅಳಾಕ ಹತ್ತಿದಾಗ ಇನ್ನೊಂದು ಸಾಲಿನ್ಯಾಗ ಏನೋ ಗದ್ದಲ ಆತು. ನೋಡಿದ್ರ ಮಲ್ಲವ್ವಾಯಿ! ಸೌಟು ಅಲ್ಲೇ ಬಿಟ್ಟು, ಕೈ ಒರಸಿಕೋತ ಬಂದು, ತುದಿಗೆ ಸೆರಗು ಹಾಸಿ ಕುಂತಿದ್ಲು. "ತುಂಬ್ರವಾ ನನಗೂ, ಎಷ್ಟು ವರ್ಷದ್ದು ಬಾಕಿ ಐತಿ" ಅಂದ್ಲಂತ. ಇಡೀ ಪೆಂಡಾಲು ನಕ್ಕಿತು, ತುಂಬಿದ್ರು. ಈ ಸಂಭ್ರಮದಾಗ ಹುಗ್ಗಿ ತಿರುವಾಕ ಯಾರೂ ಇಲ್ಲ. ತಳ ಹತ್ತಿ, ಬೆಲ್ಲ ಸೀದು, ವಾಸನಿ ಓಣಿ ತುಂಬಾ. ಶಾಸ್ತ್ರಿಗಳೂ ಅದನ್ನ ಉಂಡು "ರುಚಿ ಬ್ಯಾರೇನ ಐತಿ" ಅಂದ್ರು. ನಾ ಎರಡು ಸಲ ಹಾಕಿಸ್ಕೊಂಡು ಉಂಡ್ನಿ. ಮುಂದಿನ ವರ್ಷದಿಂದ ಸೌಟಿಗೆ ಪಾಳಿ ಹಚ್ಚಿದ್ರು, ಮುತ್ತೈದೇರೂ ಹೊಗಿ ಕುಡೀಬೇಕು. ನನ್ನ ಕೈಯಾಗ ಬುಟ್ಟಿನೂ ಬಂತು, ನಾನೂ ಸಾಲಿನ್ಯಾಗ ಉಡಿ ತುಂಬಾಕ ಹತ್ತಿದ್ನಿ.

ಇವತ್ತು ಮತ್ತ ಮಂಗಲ. ಆದ್ರ ಈ ಶ್ರಾವಣದಾಗ ಶಾಂತಕ್ಕ ಒಂದು ದಿನನೂ ಮಠದ ಕಡೆ ಹಾದಿಲ್ಲ. ಯುಗಾದಿ ಆದ ಮ್ಯಾಲ ಅಕಿ ಯಜಮಾನ್ರು ತೀರಿಕೊಂಡ್ರು. ಜಮಖಾನಿ ಯಾರ ಮನ್ಯಾಗ ಅದಾವು ಅಂತ ಯಾರಿಗೂ ಗೊತ್ತಾಗವಲ್ದು, ಓಣಿ ಅನ್ನೂದು ದಿಕ್ಕು ತಪ್ಪೇತಿ.

ಮಧ್ಯಾಹ್ನ ನಾನ ಹೋದ್ನಿ. ಒಳಗ ಕತ್ತಲ್ಯಾಗ ಗ್ವಾಡಿಗೆ ಆನಿ ಕುಂತಿದ್ಲು. ಆ ನಾಲಿಗಿ ಎಲ್ಲಿ ಹೋಗಿತ್ತೋ ಏನೋ.

"ಏಳು, ಹೊತ್ತಾತು" ಅಂದ್ನಿ.

"ಬರ್ತೇನಿ ನಡಿ. ಹುಗ್ಗಿ ಕಡೆ ಇರ್ತೇನಿ" ಅಂದ್ಲು.

"ಹುಗ್ಗಿಗೆ ಪಾಳಿ ಐತಿ. ಇವತ್ತು ನಿಂದಲ್ಲ. ಸಾಲಿಗೆ ನಡಿ."

ಶಾಂತಕ್ಕ ಸಣ್ಣ ದನಿಲೆ, "ನಿನಗರ ನಾ ತುಂಬಿದ್ನಿ ತಂಗಿ. ನನಗ ಯಾರು ತುಂಬತಾರ?" ಅಂದ್ಲು.

"ಯಾಕ, ನನ್ನ ಕೈಗೇನಾಗೇತಿ?" ಅಂದ್ನಿ.

ಶಾಂತಕ್ಕ ನನ್ನ ಮಾರಿ ನೋಡಿದ್ಲು, ಕೈ ನೋಡಿದ್ಲು. ಗ್ವಾಡಿ ಹಿಡಕೊಂಡು ಎದ್ದು, ಟ್ರಂಕಿನಾಗಿಂದ ಒಂದು ಸೀರಿ ತೆಗದು ಝಾಡಿಸಿದ್ಲು. ಝಾಡಿಸಿಕೋತ, "ನಿನ್ನ ಕೈ ಹೋದ ವರ್ಷ ನೋಡೇನಿ. ಅರ್ಧ ಅಕ್ಕಿ ಜಮಖಾನಿ ಮ್ಯಾಲ ಇದ್ವು. ನನಗರ ಸಾವಕಾಶ ತುಂಬು" ಅಂದ್ಲು.

ಬಾಗಿಲು ದಾಟೂತನಕ ಬೈಕೋತನ ಬಂದ್ಲು, ಸಾಲು ಸೊಟ್ಟ ಕುಂದ್ರಸ್ತೀರಿ, ಮೈಕ್ ಒದರತೈತಿ, ನಾ ಇಲ್ಲಂದ್ರ ಒಂದೂ ನೆಟ್ಟಗ ಆಗೂದಿಲ್ಲ ಅಂತ. ಬೈಯಲಿ, ಇನ್ನೂ ಬೈಯಲಿ. ಶಾಂತಕ್ಕ ಬರಾಕ ಹತ್ಯಾಳ.